ಬೆಳ್ಳಿಬಣ್ಣದ ಸ್ಟಿಕ್ಕರ್ ಮಹಾಶಯರಿಗೆ ಕಟ್ಟಿದವಳ ಬಿನ್ನಹ

ಕೊಳವಳ್ಳಿ, ಕಬಿನಿಯ ಈಚೆ ದಡ
ಓಣಂ ಕಳೆದ ಮೇಲಿನ ಮೊದಲ ಬಿಡುವಿನ ಮಧ್ಯಾಹ್ನ

ಮಾನ್ಯರಾದ, ಹೊಳಪುಳ್ಳವರಾದ, ಹೆಬ್ಬೆರಳಿನ ಉಗುರಿನಷ್ಟೇ ಅಗಲವಿದ್ದೂ ಒಂದು ಇಡೀ ಕಂಪನಿಯ ಮರ್ಯಾದೆಯನ್ನು ಅಂಟಿನ ಮೇಲೆ ಹೊತ್ತಿರುವ ವಾರಂಟಿ ಸ್ಟಿಕ್ಕರ್ ಮಹಾಶಯರೇ,

ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ತಮ್ಮ ನಾಲ್ಕು ಮೂಲೆಗಳಿಗೆ, ನನ್ನ ಅನಂತ ನಮಸ್ಕಾರಗಳು. ತಮ್ಮ ಅಂಟು ಕ್ಷೇಮವೆಂದು ನಂಬಿದ್ದೇನೆ. ಈ ಮಳೆಗಾಲದ ಥಂಡಿಗೆ ತಮ್ಮ ಅಂಚುಗಳು ಮೇಲೆದ್ದಿಲ್ಲವಷ್ಟೇ? ನಮ್ಮ ಮನೆಯ ಜಿರಲೆಗಳು ತಮ್ಮ ರುಚಿ ನೋಡಿಲ್ಲವಷ್ಟೇ? ಇಲ್ಲಿ ನಾವೆಲ್ಲರೂ ತಮ್ಮ ದಯೆಯಿಂದ, ಅಂದರೆ ತಾವು ಇಷ್ಟೆಲ್ಲ ಅಡ್ಡ ಬಂದರೂ, ಒಂದು ರೀತಿಯಲ್ಲಿ ಚೆನ್ನಾಗಿದ್ದೇವೆ. ಈ ಪತ್ರವನ್ನು ನ್ಯಾಯವಾಗಿ ಕಂಪನಿಯವರಿಗೇ ಬರೆಯಬೇಕಿತ್ತು. ಆದರೆ ಅವರ ವಿಳಾಸದಲ್ಲಿ ಒಂದು ಫೋನ್ ನಂಬರು ಬಿಟ್ಟರೆ ಬೇರೇನೂ ಇಲ್ಲ, ಆ ನಂಬರಿನಲ್ಲಿ ಸಂಗೀತ ಬಿಟ್ಟರೆ ಬೇರೇನೂ ಇಲ್ಲ. ಆ ಕಡೆಯವರಲ್ಲಿ ಮುಖ ಕೊಟ್ಟು ಕೂತವರು ತಾವೊಬ್ಬರೇ ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿಲ್ಲ. ತಮ್ಮದು ನನಗೆ ಸಾಕುಸಾಕೆನ್ನುವಷ್ಟು ಆಗಿದೆ. ನಾನು ಇಂದ್ರಮ್ಮ. ಮೈಸೂರಿನಲ್ಲಿ ಹುಟ್ಟಿ, ಮದುವೆಗೆ ಮುಂಚೆ ಅಲ್ಲಿನ ಶಿವನಂಜಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಬಿಡಿ ಸಾಮಾನುಗಳಿಂದ ಯಂತ್ರಗಳನ್ನು ಕಟ್ಟಿ ಕೊಡುತ್ತಿದ್ದವಳು. ಮೆಣಸು ಕಾಫಿ ವ್ಯಾಪಾರಿ ಗುರುಮಲ್ಲಪ್ಪನವರನ್ನು ಮದುವೆಯಾಗಿ ಈ ವಯನಾಡಿಗೆ ಬಂದೆ. ನಮ್ಮ ಮನೆಯ ಮುಂದೆ ಹೊಳೆ. ಹೊಳೆಯ ಆಚೆಗೆ ಕರ್ನಾಟಕ. ದೋಣಿ ಹತ್ತಿ ಆಚೆಗೆ ಹೋದರೆ ನಾನು ‘ಕೇರಳದವಳು’, ಈಚೆಗೆ ಇಳಿದರೆ ‘ಕನ್ನಡಕ್ಕಾರಿ’. ಯಾವ ದಡದವರೂ ನನ್ನ ಮೇಲೆ ತಮ್ಮ ಮುದ್ರೆ ಹೊಡೆಯಲು ಒಪ್ಪಿಲ್ಲ. ಹೀಗೆ ಮುದ್ರೆಯಿಲ್ಲದೆ ಬದುಕುವವಳಿಗೆ ತಮ್ಮಂಥವರನ್ನು ಕಂಡರೆ ಎಷ್ಟು ಭಯಭಕ್ತಿ ಇರಬೇಕೆಂದು ತಾವೇ ಊಹಿಸಿಕೊಳ್ಳಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಮುಳ್ಳನ್ಕೊಲ್ಲಿ ಕಡೆಯ ಹೆಂಗಸರಿಗೆ ಟೈಪಿಂಗ್, ಕಂಪ್ಯೂಟರ್ ಕಲಿಸಬೇಕೆಂದು ನನಗೆ ಬಹಳ ದಿನದ ಆಸೆ. ಊರಿನ ವಾಚನಾಲಯದ ಮಹಡಿಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ವಾಚನಾಲಯದ ಕಾರ್ಯದರ್ಶಿ ಮಾಧವನ್ ಮಾಷ್, ಅಂದರೆ ಮೇಷ್ಟ್ರು, ಒಳ್ಳೆಯವರೇ, ಆದರೆ ಎಲ್ಲರಿಗೂ ಒಳ್ಳೆಯವರು. ಅದೇ ಕೋಣೆಯನ್ನು ಕ್ಯಾರಂ ಕ್ಲಬ್ಬಿನವರಿಗೂ ಹೂಂ ಅಂದಿದ್ದರು. ಕೊನೆಗೆ ಒಂದು ತೀರ್ಮಾನ ಮಾಡಿದರು: ಓಣಂ ರಜೆಗೆ ಬಾಗಿಲು ಹಾಕುವ ಮೊದಲು ಅಲ್ಲಿ ಓಡುವ ಕಂಪ್ಯೂಟರ್ ಒಂದು ಕೂತಿದ್ದರೆ ಕೋಣೆ ನಮಗೆ, ಇಲ್ಲದಿದ್ದರೆ ಕ್ಯಾರಂ ಬೋರ್ಡಿಗೆ. ನಮ್ಮ ಪೈಕಿ ಕಾಡಂಚಿನ ಹಾಡಿಯ ಕುಳ್ಳಿ ಎಂಬವಳಿಗೆ ಈ ಕೋಣೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಟೈಪಿಂಗ್ ಬಂದರೆ ಹಾಲಿನ ಸೊಸೈಟಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆಂದು ಅವಳಿಗೆ ಮಾತು ಕೊಟ್ಟಿದ್ದರು. ಬಾರದಿದ್ದರೆ ಮತ್ತೆ ತೋಟದ ಕೂಲಿ. ಅವಳು ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದುಕೊಂಡು ಬೆರಳು ಓಡಿಸುತ್ತಿದ್ದಳು. “ಇಂದ್ರಕ್ಕ, ಇದರ ಮೇಲೆ ಎಷ್ಟು ಕುಟ್ಟಿದ್ರೂ ಒಂದಕ್ಷರ ಹುಟ್ಟಲ್ಲ. ನೀ ಬೇಗ ನಿಜದ್ದು ತಾ,” ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದಳು.

ನಾನೇ ಕಟ್ಟುತ್ತೇನೆ, ಬಿಡಿ ಸಾಮಾನು ತರಿಸಿ ಎಂದೆ. ನಮ್ಮ ಯಜಮಾನರು ಒಪ್ಪಲಿಲ್ಲ. “ಕಂಪನಿ ಸಾಮಾನು ಅಂದ್ರೆ ಕಂಪನಿ ಸಾಮಾನೇ ಕಣೇ. ನಾಳೆ ಕೆಟ್ರೆ ಹೇಳೋರು ಕೇಳೋರು ಇರ್ತಾರೆ. ನೀನು ಕಟ್ಟಿದ್ದು ಕೆಟ್ರೆ ಯಾರನ್ನ ಕೇಳೋದು?” ಎಂದರು. ನನ್ನನ್ನೇ ಕೇಳಬಹುದಲ್ಲ ಎಂದೆ. ಅದು ಅವರ ಕಿವಿಗೆ ಬೀಳಲಿಲ್ಲ. ಸ್ಟಿಕ್ಕರ್ ಸಾಹೇಬರೇ, ನಮ್ಮ ಯಜಮಾನರು ಮೆಣಸು ಕೊಳ್ಳುವುದನ್ನು ತಾವು ನೋಡಬೇಕು. ಮೂಟೆಯ ಹೊಟ್ಟೆಗೆ ಕೊಳವೆ ಚುಚ್ಚಿ, ತಳದ ಕಾಳು ಹೊರತೆಗೆದು, ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಆಮೇಲೆ ತಲೆಯಾಡಿಸುತ್ತಾರೆ. ಹೆತ್ತ ತಾಯಿ ಬೆಳೆದ ಮೆಣಸಾದರೂ ಕಚ್ಚದೆ ಕೊಳ್ಳುವವರಲ್ಲ. ಅಂಥವರು ಮೀನಂಗಡಿ ಎಂಬ ಊರಿನ ಅಂಗಡಿಯೊಂದರಲ್ಲಿ, ಒಳಗೇನಿದೆಯೆಂದು ಇಣುಕಿಯೂ ನೋಡದೆ, ಕೇವಲ ತಮ್ಮ ಬೆಳ್ಳಿ ಮುಖ ನೋಡಿ ಒಂದು ಪೆಟ್ಟಿಗೆಯನ್ನು ಕೊಂಡು ತಂದರು. ಇದಕ್ಕಿಂತ ದೊಡ್ಡ ಸನ್ಮಾನ ತಮಗೆ ಇನ್ನೆಲ್ಲಿ ಸಿಕ್ಕೀತು?

ತಾವು ನಮ್ಮ ಮನೆಗೆ ಬಂದ ದಿನದ ವೈಭವ ನೆನಪಿರಬಹುದು. ಅತ್ತೆ ಪುಟ್ಟಗೌರಮ್ಮನವರು ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದರು. ಯಜಮಾನರು ವಾರಂಟಿ ಕಾರ್ಡನ್ನು ನನ್ನ ಕೈಲಿ ಓದಿಸಿದರು. ಅದರಲ್ಲಿ ತಮ್ಮ ಬಗ್ಗೆಯೇ ಒಂದು ಪ್ಯಾರಾ ಇತ್ತು: ಪೆಟ್ಟಿಗೆ ಗಿರಾಕಿಯದು, ಆದರೆ ಅದರ ಬೆನ್ನ ಮೇಲಿನ ಈ ಮುದ್ರೆ ಕಂಪನಿಯ ಸ್ವತ್ತು, ಹರಿದರೆ, ಕಿತ್ತರೆ, ಜಾಗ ಬದಲಿಸಿದರೆ ವಾರಂಟಿ ರದ್ದು. ಮನೆಯೊಳಗೆ ಬಂದ ಮೇಲೂ ತಾವು ನಮ್ಮವರಾಗುವುದಿಲ್ಲ ಎಂದು ಆಗಲೇ ತಿಳಿಯಿತು. ಅಂದಿನಿಂದ ಯಜಮಾನರು ನನ್ನ ಸ್ಕ್ರೂಡ್ರೈವರನ್ನು ಅಟ್ಟದ ಮೇಲಿಟ್ಟು, “ಆ ಸ್ಟಿಕ್ಕರ್ ಮುಟ್ಟಿದ್ರೆ ನೋಡು!” ಎಂದು ಬೆರಳು ತೋರಿಸಿ ಹೇಳಿದರು.

ಒಂದು ವಾರ ತಮ್ಮ ಪೆಟ್ಟಿಗೆ ಚೆನ್ನಾಗಿಯೇ ಓಡಿತು, ಅನ್ಯಾಯವಾಗಿ ಹೇಳಬಾರದು. ಆಮೇಲೆ ಒಂದು ಸಂಜೆ, ನಮ್ಮೂರ ಕರೆಂಟು ಯಥಾಪ್ರಕಾರ ಹೋಗಿ ಬಂದಾಗ, ಟಪ್ ಎಂದಿತು. ಸುಟ್ಟ ವಾಸನೆ ಬಂತು. ನಾನು ಮೂಗಿನಲ್ಲೇ ಹೇಳಬಲ್ಲೆ, ಅದು ಎಸ್‌ಎಂಪಿಎಸ್. ಕರೆಂಟನ್ನು ಹದ ಮಾಡಿ ಒಳಗಿನ ಸಾಮಾನುಗಳಿಗೆ ಹಂಚುವ ಡಬ್ಬಿ. ನಾಲ್ಕು ಸ್ಕ್ರೂ ಬಿಚ್ಚಿ, ಬೇರೆ ಹಾಕಿ, ಅನ್ನಕ್ಕಿಟ್ಟ ನೀರು ಕುದಿಯುವುದರೊಳಗೆ ಮುಗಿಸುವ ಕೆಲಸ. ಆದರೆ ಬಾಗಿಲಲ್ಲಿ ತಾವು ಕೂತಿದ್ದಿರಿ. ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಒತ್ತಿ ಎರಡು ಒತ್ತಿ ಎಂದು ಕೈಬೆರಳು ನೋಯಿಸಿಕೊಂಡ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಏನಾಗಿದೆ ಎಂದು ಕೇಳಿದಳು. ಎಸ್‌ಎಂಪಿಎಸ್ ಸುಟ್ಟಿದೆ ಎಂದೆ. ಪೆಟ್ಟಿಗೆ ತೆರೆದಿರಾ ಎಂದಳು. ಇಲ್ಲ ಎಂದೆ. ತೆರೆಯದೆ ಹೇಗೆ ಗೊತ್ತಾಯಿತು, ಗೊತ್ತಿಲ್ಲದ್ದನ್ನು ದೂರು ಎಂದು ಬರೆದುಕೊಳ್ಳುವುದಿಲ್ಲ ಎಂದಳು. ಹಾಗಾದರೆ ತೆರೆದು ನೋಡಿ ಹೇಳಲೇ ಎಂದೆ. ತೆರೆದರೆ ವಾರಂಟಿ ಹೋಗುತ್ತದೆ, ಆಮೇಲೆ ದೂರು ಕೊಡುವ ಹಾಗೇ ಇಲ್ಲ ಎಂದಳು. ಪರಿಶೀಲನೆಗೆ ಚುರದ ಕೆಳಗಿನಿಂದ, ಅಂದರೆ ಘಟ್ಟ ಹತ್ತಿ, ಒಬ್ಬರು ಬರುತ್ತಾರೆ. ಯಾವಾಗ? ಓಣಂ ಆದ ಮೇಲೆ. ‘ಹೇಳೋರು ಕೇಳೋರು’ ಎಂದರೆ ಇವರೇ ಏನು ಎಂದು ಯಜಮಾನರನ್ನು ಕೇಳಿದೆ. ಅವರು ಮೆಣಸು ತೂಗಲು ಹೊರಟುಹೋದರು.

ಆಗ ನಾನು ಯಾರನ್ನೂ ಕೇಳದೆ ಶಿವನಂಜಪ್ಪನವರಿಗೆ ಫೋನ್ ಮಾಡಿದೆ. ಅವರು ಬೋರ್ಡು, ಡಿಸ್ಕು, ಖಾಲಿ ಕ್ಯಾಬಿನೆಟ್ಟು, ಗಟ್ಟಿಮುಟ್ಟಾದ ಎಸ್‌ಎಂಪಿಎಸ್ಸು ಎಲ್ಲವನ್ನೂ ಬಿಲ್ಲಿನ ಸಮೇತ ಬೈರಕುಪ್ಪೆಯ ಬಸ್ಸಿಗೆ ಹಾಕಿ ಕಳಿಸಿದರು. ಬೈರಕುಪ್ಪೆಯಿಂದ ಅದು ದೋಣಿಯಲ್ಲಿ, ಟೊಮೆಟೊ ಬುಟ್ಟಿಗಳ ನಡುವೆ ಕೂತು, ಕಬಿನಿ ದಾಟಿ ಬಂತು. ಕುಳ್ಳಿ ಟಾರ್ಚು ಹಿಡಿದಳು, ನಾನು ಅಡುಗೆಮನೆಯ ನೆಲದ ಮೇಲೆ ಕೂತು ಕಟ್ಟಿದೆ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗು ಬಾಯಿಗಿಟ್ಟುಕೊಂಡು ನೋಡುತ್ತ ನಿಂತರು. ಗುಂಡಿ ಒತ್ತಿದಾಗ ದೀಪ ಹತ್ತಿ, ಫ್ಯಾನು ತಿರುಗಿ, ಪರದೆಯ ಮೇಲೆ ಅಕ್ಷರ ಬಂತು. ಕುಳ್ಳಿ ರಟ್ಟಿನ ಕೀಬೋರ್ಡನ್ನು ಒಲೆಗೆ ಹಾಕಿದಳು. ಅತ್ತೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದು, “ನನ್ನ ಕೂಸೇ, ಗೋಡೆ ಕಟ್ಟೋರ್ನ ನೋಡಿವ್ನಿ, ಹೂವ ಕಟ್ಟೋರ್ನ ನೋಡಿವ್ನಿ, ಇಂಥದ್ ಕಟ್ಟೋರ್ನ ನೋಡಿರ್ನಿಲ್ಲ ಕನವ್ವ,” ಎಂದರು. ನನಗೆ ಅಳು ಬಂತು, ಮುಚ್ಚಿಟ್ಟು ಏನು ಪ್ರಯೋಜನ.

ಇನ್ನು ಮುಂದಿನ ಕಥೆಯನ್ನು ತಾವು ಗಮನವಿಟ್ಟು ಕೇಳಬೇಕು, ಏಕೆಂದರೆ ಅದು ತಾವು ಅಲ್ಲಿ ಇಲ್ಲದ್ದರಿಂದಲೇ ಆದದ್ದು. ರಜೆಗೆ ಇನ್ನೆರಡು ದಿನವಿದ್ದಾಗ ಸೋಮನ್ ಎಂಬ ಡ್ರೈವರನ ಜೀಪಿನಲ್ಲಿ ಯಂತ್ರವನ್ನಿಟ್ಟು ವಾಚನಾಲಯಕ್ಕೆ ಹೊರಟೆವು. ಅಲುಗದಿರಲೆಂದು ಗೋಣಿಚೀಲ ಸುತ್ತಿ, ಅತ್ತೆಯ ಮಡಿಲಲ್ಲಿ ಕೂರಿಸಿದ್ದೆ. ದಾರಿಯಲ್ಲಿ ಪ್ಲಗ್ ಬೋರ್ಡ್ ಕೊಳ್ಳಲು ನಾನೊಬ್ಬಳು ಇಳಿದು ಅಂಗಡಿಗೆ ಹೋದೆ. ಹಬ್ಬದ ಕಾಲ, ಆಚೆ ದಡದಿಂದ ಬಾಟಲಿಗಳು ಬರುತ್ತವೆಂದು ಖಾಕಿಯವರು ರಸ್ತೆಯಲ್ಲಿ ನಿಂತಿದ್ದರು. ಒಬ್ಬ ಸಾಹೇಬರು ಬಂದು ಗೋಣಿ ಸರಿಸಿ, ಇದೇನು, ಯಾವ ಕಂಪನಿಯದು ಎಂದು ಮಲಯಾಳದಲ್ಲಿ ಕೇಳಿದರು. ನಮ್ಮ ಅತ್ತೆ ಹೋದ ವರ್ಷವಷ್ಟೇ ಸರಗೂರಿನಿಂದ ನಮ್ಮ ಜೊತೆಗಿರಲು ಬಂದವರು. ಅವರಿಗೆ ಅರ್ಥವಾದದ್ದು ‘ಕಂಪನಿ’ ಎಂಬ ಒಂದೇ ಮಾತು. “ಕಂಪನಿ ಗಿಂಪನಿ ಏನಿಲ್ಲ ಕನ ಸ್ವಾಮಿ, ನಮ್ ಸೊಸೆಯೇ ಕಟ್ಟದ್ದು!” ಎಂದರಂತೆ ಎದೆಯುಬ್ಬಿಸಿ.

ಕನ್ನಡದಲ್ಲಿ ಕಟ್ಟಿದ್ದು ಎಂದರೆ ಏನೆಂದು ತಮಗೆ ಗೊತ್ತು. ನಮ್ಮ ಸರಗೂರು ಕಡೆಯವರು ನಡುವಿನ ಇಕಾರವನ್ನು ನುಂಗಿ ಕಟ್ಟದ್ದು ಎನ್ನುತ್ತಾರೆ. ಮಲಯಾಳದಲ್ಲಿ ‘ಕಟ್ಟದ್’ ಎಂದರೆ ಕದ್ದದ್ದು. ಸಾಹೇಬರು ಬೆಚ್ಚಿಬಿದ್ದು, “ಕಟ್ಟದಾಣೋ?” ಎಂದರಂತೆ. ಅವರು ಕೇಳಿದ್ದು ಕದ್ದದ್ದೇ ಎಂದು. ಅತ್ತೆಗೋ, ಪೊಲೀಸಪ್ಪನಿಗೂ ಕನ್ನಡ ಬರುತ್ತದೆ ಎಂದು ಸಂತೋಷ ಉಕ್ಕಿಬಿಟ್ಟಿತು. “ಹೂಂ ಕನಪ್ಪ, ಕಟ್ಟದ್ದೇ! ಒಬ್ಳೇ ಕುಂತ್ಕಂಡು ಕಟ್ಟದ್ಲು. ಹಾಡಿ ಹೆಣ್ಣು ಕುಳ್ಳಿ ಟಾರ್ಚು ಹಿಡ್ಕಂಡಿತ್ತು. ಮದ್ವೆಗ್ ಮುಂಚೆ ಮೈಸೂರಲ್ಲೂ ಇದೇ ಕಸ್ಬು. ನಿನಗೂ ಬೇಕಾ ಹೇಳು, ಒಂದ ಕಟ್ಟಿಸ್ಕೊಡ್ತೀನಿ!” ಎಂದು ಸಾಹೇಬರ ಕೈ ಹಿಡಿದು ಹೇಳಿದರಂತೆ. ಸೋಮನ್ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದನಂತೆ. ನಾನು ಪ್ಲಗ್ ಬೋರ್ಡ್ ಹಿಡಿದು ಬರುವಷ್ಟರಲ್ಲಿ ನನ್ನ ಯಂತ್ರ ಖಾಕಿಯವರ ವಾಹನದಲ್ಲಿತ್ತು.

ಠಾಣೆಯಲ್ಲಿ ನಾನು ಮಲಯಾಳದಲ್ಲಿ, ಕನ್ನಡದಲ್ಲಿ, ಕೈಸನ್ನೆಯಲ್ಲಿ ಎಲ್ಲ ರೀತಿ ಹೇಳಿದೆ. ಕಟ್ಟುವುದೆಂದರೆ ನಮ್ಮಲ್ಲಿ ಉಂಡಾಕ್ಕುಗ, ಮಾಡುವುದು ಎಂದೆ. ಸಾಹೇಬರಿಗೆ ಮಾತು ಅರ್ಥವಾಯಿತು, ಅವರು ದಡ್ಡರೇನಲ್ಲ. ಆದರೆ ನಂಬಿಕೆ ಬರಲಿಲ್ಲ. “ಕಂಪ್ಯೂಟರ್ ವೀಟ್ಟಿಲ್ ಉಂಡಾಕ್ಕಾನ್ ಅದೆಂದಾ ದೋಶೆಯಾಣೋ?” ಎಂದರು. ಮನೆಯಲ್ಲಿ ಮಾಡಲು ಅದೇನು ದೋಸೆಯೇ ಎಂಬ ಆ ಮಾತಿಗೆ ಠಾಣೆಯೆಲ್ಲ ನಕ್ಕಿತು. ಶಿವನಂಜಪ್ಪನವರ ಬಿಲ್ಲು ಕೊಟ್ಟೆ. ಮೇಲಿಂದ ಕೆಳಗೆ ಓದಿ, ಇದರಲ್ಲಿ ಬೋರ್ಡಿದೆ, ಡಿಸ್ಕಿದೆ, ಫ್ಯಾನಿದೆ, ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದರು. ಕಂಪನಿಯ ಮುದ್ರೆ ತೋರಿಸಿ, ಒಯ್ಯಿರಿ ಎಂದರು. ಬೇಕಾದರೆ ಇಲ್ಲೇ ಬಿಚ್ಚಿ ಮತ್ತೆ ಕಟ್ಟಿ ತೋರಿಸುತ್ತೇನೆ ಎಂದೆ. ಕಳುವಿನ ಮಾಲನ್ನು ಬಿಚ್ಚುವ ಹಾಗಿಲ್ಲವಂತೆ. ನಾನು ಕದ್ದೆನೆಂದರೆ ತಟ್ಟನೆ ನಂಬಿದವರು, ಕಟ್ಟಿದೆನೆಂದರೆ ನಕ್ಕರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ, “ನಾನೇನ್ ತಪ್ ಆಡ್ದೆ ಕೂಸೇ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ನೀವು ಹೇಳಿದ್ದು ಅಷ್ಟೂ ಸತ್ಯ ಅತ್ತೆ ಎಂದೆ.

ಮನೆಗೆ ಬಂದು ತಮ್ಮ ಮುಂದೆ ಕೂತೆ. ತಾವೋ, ಸತ್ತ ಪೆಟ್ಟಿಗೆಯ ಬೆನ್ನ ಮೇಲೆ ಮಿಣಮಿಣ ಮಿನುಗುತ್ತ ಕೂತಿದ್ದಿರಿ. ಓಡುವ ಯಂತ್ರ ಲಾಕಪ್ಪಿನಲ್ಲಿ, ಓಡದ ಯಂತ್ರ ಮನೆಯಲ್ಲಿ ಗೌರವದಿಂದ! ಅಟ್ಟ ಹತ್ತಿ ಸ್ಕ್ರೂಡ್ರೈವರ್ ತಂದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಈ ಸಲ ಬೆರಳು ತೋರಿಸಲಿಲ್ಲ. ಅವರೇ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಪಕ್ಕದಲ್ಲಿಟ್ಟು, “ನಿಧಾನಕ್ಕೆ, ಹರೀಬಾರ್ದು,” ಎಂದರು. ತಮ್ಮ ಅಂಚಿಗೆಲ್ಲ ಎಣ್ಣೆ ಸವರಿ, ಬಾಣಂತಿಗೆ ಎರೆಯುವಷ್ಟು ನಾಜೂಕಾಗಿ ಬಿಸಿನೀರಿನ ಬಟ್ಟೆ ಒತ್ತಿ, ತಮ್ಮನ್ನು ಒಂದು ಗೆರೆಯೂ ಮುಕ್ಕಾಗದಂತೆ ಎಬ್ಬಿಸಿದೆ.

ತಾವು ಎದ್ದ ಮೇಲೆ ಪೆಟ್ಟಿಗೆಯನ್ನೂ ತೆರೆದೆ, ಇನ್ನು ಯಾರ ಹಂಗು? ಒಳಗೆ ನೋಡಿ ನಗು ತಡೆಯಲಾಗಲಿಲ್ಲ. ಒಬ್ಬ ಕಾರ್ಖಾನೆಯವನ ಬೋರ್ಡು, ಇನ್ನೊಬ್ಬನ ಡಿಸ್ಕು, ಊರು ಹೆಸರಿಲ್ಲದ ಎಸ್‌ಎಂಪಿಎಸ್ಸು. ಎರಡು ಸ್ಕ್ರೂ ಇರಬೇಕಾದಲ್ಲಿ ಒಂದೇ ಸ್ಕ್ರೂ. ಬೋರ್ಡಂತೂ ನಾನು ಹಾಕಿದ ಬೋರ್ಡಿನ ಕಾರ್ಖಾನೆಯದೇ, ನನ್ನದಕ್ಕಿಂತ ಒಂದು ವರ್ಷ ಹಳೆಯದು. ತಮ್ಮ ಕಂಪನಿಯವರೂ ನಾಲ್ಕು ಕಡೆಯಿಂದ ಬಿಡಿ ಸಾಮಾನು ತಂದು ಕಟ್ಟಿದ್ದರು, ಅಷ್ಟೇ. ಅವರು ಕಟ್ಟಿದರೆ ಕಂಪನಿ, ನಾನು ಕಟ್ಟಿದರೆ ಕಳ್ಳತನ. ಎರಡೂ ಒಂದೇ ಎಂಬುದನ್ನು ಇಷ್ಟು ಕಾಲ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟ ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಯಜಮಾನರು ಆ ಎಸ್‌ಎಂಪಿಎಸ್ಸನ್ನು ಕೈಯಲ್ಲಿ ತೂಗಿ ನೋಡಿ, ಜೊಳ್ಳು ಮೆಣಸಿಗೆ ಮಾಡುವ ಮುಖ ಮಾಡಿದರು.

ಮರುದಿನ ತಾವು ನನ್ನ ಸೆರಗಿನ ಮರೆಯಲ್ಲಿ, ಮೇಣದ ಕಾಗದದ ಮೇಲೆ ಪವಡಿಸಿ, ಠಾಣೆಗೆ ದಯಮಾಡಿಸಿದಿರಿ. ಯಂತ್ರದ ಧೂಳು ಒರೆಸಿಕೊಳ್ಳುತ್ತೇನೆ, ಫ್ಯಾನಿಗೆ ಧೂಳು ಆಗದು ಎಂದು ಕೇಳಿಕೊಂಡು ಒಳಗೆ ಹೋದೆ. ಬೆನ್ನು ಒರೆಸುವಾಗ ಅಂಟು ಬಳಿದು ತಮ್ಮನ್ನು ಪ್ರತಿಷ್ಠಾಪಿಸಿದೆ. ಆಮೇಲೆ, “ಸಾರ್, ನಿನ್ನೆ ಹಿಂದಿನ ಭಾಗ ನೋಡಲೇ ಇಲ್ಲವಲ್ಲ?” ಎಂದೆ. ಸಾಹೇಬರು ಪೆಟ್ಟಿಗೆ ತಿರುಗಿಸಿದರು. ತಾವು ಫಳಕ್ಕನೆ ಹೊಳೆದಿರಿ. ಅವರ ಕೈ ತಾನಾಗಿ ಟೋಪಿಯ ಅಂಚಿಗೆ ಹೋಯಿತು. “ಇದು ನೇರತ್ತೇ ಪರಯಂಡೇ ಚೇಚೀ!” ಎಂದರು. ಮೊದಲೇ ಹೇಳಬಾರದಿತ್ತೇ ಅಕ್ಕ ಎಂದು ನನ್ನನ್ನೇ ಗದರಿದರು. ಇಬ್ಬರು ಕಾನ್‌ಸ್ಟೆಬಲ್‌ಗಳು ತಮ್ಮನ್ನು ಮದುಮಗನಂತೆ ಹೊತ್ತು ಜೀಪಿಗೆ ತಂದರು. ಮಾಧವನ್ ಮಾಷ್ ವಾಚನಾಲಯದ ಬಾಗಿಲಿಗೆ ಬೀಗ ಹಾಕಲು ಕೈ ಎತ್ತಿದ್ದಾಗ ನಾವು ತಲುಪಿದೆವು. ಕುಳ್ಳಿ ಕೂತು ತನ್ನ ಹೆಸರು ಹೊಡೆದು ತೋರಿಸಿದಳು. ಕೋಣೆ ನಮ್ಮದಾಯಿತು.

ಇಷ್ಟು ಮಹಿಮೆಯುಳ್ಳ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ಚುರದ ತಿರುವಿನಲ್ಲಿ ದಿನಾ ಕೆಟ್ಟು ನಿಲ್ಲುವ ನಮ್ಮ ಬಸ್ಸಿನ ಬೆನ್ನಿಗೆ ಒಮ್ಮೆ ಅಂಟಿಕೊಳ್ಳಿ. ಅದು ನಿಂತಲ್ಲೇ ಹೊಸದೆನಿಸಿಕೊಳ್ಳಲಿ. ನಮ್ಮ ಬೇಲಿಗೂ ಬನ್ನಿ. ತಮ್ಮನ್ನು ಹರಿದರೆ ವಾರಂಟಿ ಹೋಗುವುದೆಂದು ಆನೆಗಳು ಒಂದು ಕ್ಷಣ ನಿಂತು ಯೋಚಿಸಬಹುದು. ಕುಳ್ಳಿ ಸೊಸೈಟಿಗೆ ಹೋಗುವ ದಿನ ಅವಳ ರವಿಕೆಯ ತೋಳಿಗೆ ಅಂಟಿಕೊಂಡು ಹೋಗಿ. ಹಾಡಿಯವಳಿಗೆ ಟೈಪಿಂಗ್ ಬರುತ್ತದೆಯೇ ಎಂದು ಹುಬ್ಬೇರಿಸುವವರು ತಮ್ಮನ್ನು ಕಂಡು ಹುಬ್ಬಿಳಿಸಲಿ. ಕಡೆಯದಾಗಿ, ತಾವು ಇನ್ನೊಂದಿಷ್ಟು ಅಗಲವಾಗಿ ಹುಟ್ಟಿ ನನ್ನ ಹಣೆಗೇ ಅಂಟಬಾರದಿತ್ತೇ? ನಾನು ಆಡಿದ ಮಾತನ್ನು ಒಮ್ಮೆಯಾದರೂ ಬಿಚ್ಚಿ ನೋಡದೆ ನಂಬುತ್ತಿದ್ದರು.

ಕೊಂಡುಕೊಳ್ಳುವುದೋ ಕಟ್ಟಿಸುವುದೋ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಕಟ್ಟಿಸಿ, ಆದರೆ ಅದನ್ನು ಮಲಯಾಳದಲ್ಲಿ ಹೇಳುವಾಗ ಜೋಪಾನ ಎನ್ನುತ್ತೇನೆ. ತಮ್ಮ ಹಳೆಯ ಪೆಟ್ಟಿಗೆಯ ಮೇಲೆ ಅತ್ತೆ ಈಗ ಸಂಡಿಗೆ ಒಣಗಿಸುತ್ತಾರೆ. ಅದು ಬಂದಾಗಿನಿಂದ ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ.

ತಮ್ಮ ಅಂಟು ಒಣಗದಿರಲಿ ಎಂದು ಹಾರೈಸುವ,
ತಮ್ಮ ವಿಶ್ವಾಸಿ,
ಇಂದ್ರಮ್ಮ ಗುರುಮಲ್ಲಪ್ಪ

ತಾ.ಕ.: ವಾರಂಟಿ ಕಾರ್ಡನ್ನು ಈಗ ಮತ್ತೊಮ್ಮೆ ಓದಿದೆ. ತಾವು ಕಂಪನಿಯ ಸ್ವತ್ತು ಎಂಬ ಸಾಲು ಇನ್ನೂ ಅಲ್ಲೇ ಇದೆ. ಅಂದಮೇಲೆ ಆ ದಿನ ನಾನು ಠಾಣೆಯಿಂದ ತಂದದ್ದರಲ್ಲಿ ಕಟ್ಟಿದ್ದು ಒಂದು, ಕದ್ದದ್ದು ಒಂದು. ಸಾಹೇಬರು ಸಲಾಮು ಹೊಡೆದದ್ದು ಕದ್ದದ್ದಕ್ಕೆ.